"ನಾನು ಸರಿ ಇದ್ದೀನಾ?" ಕನ್ನಡಿ ಮುಂದೆ ನಿಂತು ಬೇಜಾರಾಗುವ ಹುಡುಗಿಯರಿಗೆ ಒಂದು ಮಾರ್ಗದರ್ಶಿ

ನನ್ನ ಅಕ್ಕನ ಮಗಳು ಹಾಸ್ಟೆಲಿಗೆ ಸೇರಿ ಎರಡು ತಿಂಗಳಾಗಿತ್ತು. ಒಂದು ರಾತ್ರಿ ಫೋನ್ ಮಾಡಿ ಪರೀಕ್ಷೆ, ಮೆಸ್ಸು, ರೂಮಿನ ಫ್ಯಾನು ಎಲ್ಲದರ ಬಗ್ಗೆ ಮಾತಾಡಿದಳು. ಇಡುವ ಮುಂಚೆ ಸುಮ್ನೆ ಕೇಳಿದ ಹಾಗೆ ಕೇಳಿದಳು: "ಚಿಕ್ಕಮ್ಮ, ನಾನು ಸರಿ ಇದ್ದೀನಾ?" ಏನು ಸರಿ ಅಂದೆ. "ನೋಡೋಕೆ," ಅಂದಳು.

ಆಗ ನಾನು ಕೊಟ್ಟ ಉತ್ತರ ದಡ್ಡತನದ್ದು. "ಚೆನ್ನಾಗೇ ಇದ್ದೀಯ ಬಿಡೆ" ಅಂದೆ. ಅವಳಿಗೆ ಅದರಿಂದ ಏನೂ ಆಗಲಿಲ್ಲ. ಯಾರಿಗೂ ಆಗುವುದಿಲ್ಲ. ಆಮೇಲೆ ಓದಿದ್ದು, ಗೊತ್ತಿರುವ ವೈದ್ಯರನ್ನು ಕೇಳಿದ್ದು, ನಾನೇ ಮಾಡಿ ಕೆಟ್ಟಿದ್ದು ಎಲ್ಲ ಸೇರಿಸಿ ಅವಳಿಗಾಗಿ ಒಂದಿಷ್ಟು ಬರೆದಿಟ್ಟೆ. ಅದೇ ಇದು. "ನಿನ್ನನ್ನು ನೀನು ಪ್ರೀತಿಸು" ಎಂಬ ಉಪದೇಶ ಇದರಲ್ಲಿ ಸಿಗುವುದಿಲ್ಲ. ಮೈಯನ್ನು ಪ್ರೀತಿಸುವುದು ದೊಡ್ಡ ಕೆಲಸ. ದಿನಾ ಬೆಳಗ್ಗೆ ಅದರ ಜೊತೆ ಜಗಳ ಆಡದಿದ್ದರೆ ಸದ್ಯಕ್ಕೆ ಸಾಕು.

ಮೊದಲು, ಅಳತೆಗೋಲು ಎಲ್ಲಿಂದ ಬಂತು ಅಂತ ಹುಡುಕಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಮೈಯಲ್ಲಿ ನಿಮಗೆ ಹಿಡಿಸದ್ದನ್ನು ಎಡಗಡೆ ಬರೆಯಿರಿ. ಬಣ್ಣ, ಸೊಂಟ, ಮೂಗು, ಕೈ ಮೇಲಿನ ಕೂದಲು, ಏನೇ ಇರಲಿ. ಅದು "ಸರಿ ಇಲ್ಲ" ಅಂತ ಮೊದಲ ಸಲ ಗೊತ್ತಾಗಿದ್ದು ಯಾವಾಗ, ಯಾರಿಂದ ಅಂತ ಬಲಗಡೆ ಬರೆಯಿರಿ.

ನನ್ನ ಹಾಳೆಯಲ್ಲಿ ಮೊದಲು ಬಂದಿದ್ದು ಏಳನೇ ಕ್ಲಾಸಿನ ಸ್ಕೂಲ್ ಡೇ. ಡ್ಯಾನ್ಸಿಗೆ ಸಾಲು ಮಾಡಿಸುವಾಗ ಟೀಚರ್ ನನ್ನ ಭುಜ ಹಿಡಿದು ಹಿಂದಿನ ಸಾಲಿಗೆ ತಳ್ಳಿದರು. "ಬೆಳ್ಳಗಿರೋರು ಮುಂದೆ ಬನ್ನಿ" ಅಂದರು. ಅಲ್ಲಿಯವರೆಗೆ ನಾನು ಕಪ್ಪು ಎನ್ನುವುದು ನನಗೆ ಒಂದು ವಿಷಯವೇ ಆಗಿರಲಿಲ್ಲ. ನನ್ನ ಬಲಗಡೆಯ ಸಾಲು ಪೂರ್ತಿ ಇಂಥವೇ. ನಿಮ್ಮದರಲ್ಲೂ ಯಾರೋ ಒಬ್ಬರು, ಯಾವುದೋ ಒಂದು ದಿನ ಇರುತ್ತದೆ. ಹುಟ್ಟುವಾಗ ತಂದ ಬೇಜಾರು ಅಂತ ಒಂದೂ ಇರುವುದಿಲ್ಲ.

ಇದು ಹೇಗಾಗುತ್ತದೆ ಅಂತ ತಿಳಿಯಲು ಫಿಜಿ ಕಡೆ ನೋಡಬೇಕು. ಪೆಸಿಫಿಕ್ ಸಾಗರದ ಆ ದ್ವೀಪಗಳಲ್ಲಿ ಮೈಕೈ ತುಂಬಿಕೊಂಡಿದ್ದರೆ ಚೆಂದ ಎನ್ನುತ್ತಿದ್ದರು. ಬಂದವರಿಗೆ ಬಲವಂತ ಮಾಡಿ ಬಡಿಸುವುದರಲ್ಲಿ ಅವರು ನಮ್ಮವರ ಹಾಗೆಯೇ. ಹುಡುಗಿ ಇಳಿದುಹೋದರೆ ಮನೆಯವರು ಅವಳನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತ ಅರ್ಥ. ಅಲ್ಲಿನ ನಾಡ್ರೋಗಾ ಎಂಬ ಕಡೆಗೆ ಟಿವಿ ಬಂದಿದ್ದು 1995ರಲ್ಲಿ. ಅಮೆರಿಕದ ಮನೋವೈದ್ಯೆ ಆನ್ ಬೆಕರ್ ಅದೇ ವರ್ಷ ಅಲ್ಲಿನ ಹೈಸ್ಕೂಲ್ ಹುಡುಗಿಯರನ್ನು ಮಾತಾಡಿಸಿದರು. 1998ರಲ್ಲಿ ಮತ್ತೆ ಹೋದರು. ಎರಡು ಸಲವೂ ಅರವತ್ತು ಚಿಲ್ಲರೆ ಹುಡುಗಿಯರು, ಹಾಗಾಗಿ ಇದು ಸಣ್ಣ ಅಧ್ಯಯನವೇ. ಆದರೂ ಕೇಳಿ. ತೂಕ ಹೆಚ್ಚಬಾರದು ಅಂತ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷದ ನಂತರ ನೂರಕ್ಕೆ 11 ಮಂದಿ ಇದ್ದರು. "ನಾನು ದಪ್ಪ" ಅಂದವರು ನೂರಕ್ಕೆ 74.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಅಂಕಿಗಳಲ್ಲ, ಆ ಹುಡುಗಿಯರು ಕೊಟ್ಟ ಕಾರಣ. ಸೀರಿಯಲ್ಲಿನ ಹೆಂಗಸರು ಸಣ್ಣಗಿದ್ದರು, ಕೆಲಸಕ್ಕೆ ಹೋಗುತ್ತಿದ್ದರು, ಕೈಯಲ್ಲಿ ದುಡ್ಡಿತ್ತು. ಹಾಗೆ ಕಂಡರೆ ನಮಗೂ ಅಂಥ ಕೆಲಸ ಸಿಗಬಹುದು ಅಂತ ಇವರು ಲೆಕ್ಕ ಹಾಕಿದ್ದರು. ಇದು ಬರೀ ಶೋಕಿಯ ಮಾತಲ್ಲ. ಹೊಟ್ಟೆಪಾಡಿನ ಮಾತೂ ಹೌದು.

ದಕ್ಷಿಣ ಕೊರಿಯಾದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಲ್ಲಿ ಕೆಲಸದ ಅರ್ಜಿಗೆ ಫೋಟೋ ಅಂಟಿಸುವುದು ಬಹಳ ಕಾಲದಿಂದ ಬಂದ ರೂಢಿ. ಮುಖ ನೋಡಿಯೇ ಅರ್ಜಿ ಪಕ್ಕಕ್ಕಿಡುತ್ತಾರೆ ಅಂತ ಗೊತ್ತಿದ್ದ ಮೇಲೆ ಹುಡುಗಿಯರು ಮುಖಕ್ಕೆ ದುಡ್ಡು ಸುರಿಯುವುದು ಅವರ ತಪ್ಪಾ? 2018ರ ಹೊತ್ತಿಗೆ ಅಲ್ಲಿನ ಒಂದಷ್ಟು ಯುವತಿಯರು ಮೇಕಪ್ ಡಬ್ಬಿಗಳನ್ನು ಪುಡಿಮಾಡಿ, ಕೂದಲು ಗಿಡ್ಡ ಮಾಡಿಕೊಂಡು ಆ ಫೋಟೋಗಳನ್ನು ಹಾಕತೊಡಗಿದರು. ಅದಕ್ಕೆ ಅವರು ಇಟ್ಟ ಹೆಸರಿನ ಅರ್ಥ, ಬಿಗಿ ಒಳಕವಚ ಕಳಚುವುದು ಅಂತ.

ಇನ್ನು ಪಶ್ಚಿಮ ಆಫ್ರಿಕಾದ ಮಾರಿಟೇನಿಯಾಕ್ಕೆ ಹೋದರೆ ಎಲ್ಲವೂ ಉಲ್ಟಾ. ಅಲ್ಲಿ ದಪ್ಪಗಿರುವ ಹೆಣ್ಣು ಅಂದರೆ ಅನುಕೂಲಸ್ಥ ಮನೆಯವಳು. ಬೇಗ ಮದುವೆಯಾಗಲಿ ಅಂತ ಪುಟ್ಟ ಹುಡುಗಿಯರಿಗೆ ಬಟ್ಟಲುಗಟ್ಟಲೆ ಒಂಟೆ ಹಾಲು ಬಲವಂತವಾಗಿ ಕುಡಿಸುವ ಪದ್ಧತಿ ಇತ್ತು, ಕೆಲವು ಕಡೆ ಇನ್ನೂ ಇದೆ. ಲೆಬ್ಲೂ ಅಂತ ಅದರ ಹೆಸರು. ಒಂದು ಕಡೆ ವಾಂತಿ, ಇನ್ನೊಂದು ಕಡೆ ಬಲವಂತದ ಊಟ. ಎರಡರಲ್ಲೂ ನವೆಯುವುದು ಹುಡುಗಿಯ ಹೊಟ್ಟೆಯೇ.

ಬಣ್ಣದ ಹುಚ್ಚು ಬಿಳಿಯರು ಬಂದ ಮೇಲೆ ಶುರುವಾಯಿತು ಅಂತ ನಮ್ಮಲ್ಲಿ ಕೆಲವರು ಹೇಳುತ್ತಾರೆ. ಅಷ್ಟು ಸರಳವಲ್ಲ. ಬಿಳುಪು ಮೂರು ಕುರೂಪ ಮುಚ್ಚುತ್ತದೆ ಅಂತ ಚೀನಾದಲ್ಲಿ ಒಂದು ಹಳೇ ಗಾದೆ ಇದೆ. ಜಪಾನಿನ ಗಾದೆಯಲ್ಲಿ ಅದು ಏಳು ಕುರೂಪ ಮುಚ್ಚುತ್ತದೆ. ಗದ್ದೆಯಲ್ಲಿ ದುಡಿಯುವವರು ಕಪ್ಪಾಗುತ್ತಾರೆ, ನೆರಳಲ್ಲಿ ಕೂರುವವರು ಬೆಳ್ಳಗಿರುತ್ತಾರೆ. ಹಾಗಾಗಿ ಬಿಳುಪು ಅಂದರೆ ಸಿರಿತನದ ಗುರುತು. ಯುರೋಪಿನಲ್ಲಿ ದುಡಿಯುವವರು ಬಿಸಿಲಿಲ್ಲದ ಫ್ಯಾಕ್ಟರಿ, ಆಫೀಸುಗಳ ಒಳಗೆ ಸೇರಿದ ಮೇಲೆ ಅಲ್ಲಿನವರು ರಜೆ ಹಾಕಿ, ಸಮುದ್ರತೀರಕ್ಕೆ ಹೋಗಿ ಮೈ ಕಂದಿಸಿಕೊಂಡು ಬರುವುದು ದೊಡ್ಡಸ್ತಿಕೆ ಆಯಿತು. ಅವರು ಕಪ್ಪಾಗಲು ದುಡ್ಡು ಕೊಡುತ್ತಾರೆ, ನಾವು ಬೆಳ್ಳಗಾಗಲು ಕೊಡುತ್ತೇವೆ. ಅಂಗಡಿಯವನಿಗೆ ಎರಡೂ ಒಂದೇ.

ನಮ್ಮಲ್ಲಿ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದಿದ್ದು 1975ರಲ್ಲಿ. ಹೆಸರಿನಿಂದ "ಫೇರ್" ತೆಗೆದಿದ್ದು 2020ರಲ್ಲಿ. ನಡುವಿನ 45 ವರ್ಷದಲ್ಲಿ ನಮ್ಮ ಅಮ್ಮಂದಿರು, ನಾವು, ನಿಮ್ಮ ಅಕ್ಕಂದಿರು ಎಲ್ಲ ಬೆಳೆದೆವು. ಮದುವೆ ಜಾಹೀರಾತಿನಲ್ಲಿ ಎಣ್ಣೆಗೆಂಪು, ಗೋಧಿ ಬಣ್ಣ ಎನ್ನುವ ಪದಗಳು ಓಡಾಡಿದವು. "ಕಪ್ಪು" ಅಂತ ಯಾರೂ ಬರೆಯುತ್ತಿರಲಿಲ್ಲ. ನಮ್ಮ ಅಜ್ಜಿ ಮಾತ್ರ ಯಾರನ್ನು ನೋಡಿದರೂ "ಲಕ್ಷಣವಾಗಿದ್ದಾಳೆ" ಅನ್ನುತ್ತಿದ್ದರು. ಲಕ್ಷಣ ಅನ್ನುವುದಕ್ಕೆ ಇಂಚು, ಕಿಲೋ ಇಲ್ಲ. ಒಳ್ಳೆಯ ಪದ, ಈಗ ಯಾರೂ ಬಳಸುವುದಿಲ್ಲ. ಈಗಿನ ಹುಡುಗಿಯರಿಗೆ ಎಲ್ಲ ಊರಿನ ಅಳತೆಗೋಲೂ ಒಟ್ಟಿಗೆ ಬಂದು ಬಿದ್ದಿದೆ. ಸೊಂಟ ಸಣ್ಣಗಿರಬೇಕು, ಕೆನ್ನೆ ತುಂಬಿರಬೇಕು, ಚರ್ಮ ಕೊರಿಯಾದವರ ಥರ ಹೊಳೆಯಬೇಕು, ಕೂದಲು ನಮ್ಮ ಹಳೇ ಕಾಲದವರ ಥರ ಮೊಣಕಾಲಿಗೆ ಬರಬೇಕು. ಹೀಗೆ ಯಾರಿದ್ದಾರೆ ಹೇಳಿ?

ಹಾಳೆಯನ್ನು ಬಿಸಾಡಬೇಡಿ. ಮುಂದೆ ಬೇಕಾಗುತ್ತದೆ.

ಆಮೇಲೆ, ಒಂದು ವಾರ ಲೆಕ್ಕ ಇಡಿ

ಬೇಜಾರು ಇಡೀ ದಿನ ಒಂದೇ ಸಮ ಇರುವುದಿಲ್ಲ. ಅದಕ್ಕೊಂದು ಹೊತ್ತಿರುತ್ತದೆ. ಬಂದಾಗೆಲ್ಲ ಎಲ್ಲಿದ್ದಿರಿ, ಅದಕ್ಕೆ ಸ್ವಲ್ಪ ಮುಂಚೆ ಏನು ಮಾಡುತ್ತಿದ್ದಿರಿ ಅಂತ ಒಂದು ಸಾಲು ಬರೆದಿಡಿ. ವಾರದ ಕೊನೆಗೆ ನೋಡಿದರೆ ಎರಡು ಮೂರು ಕಡೆಯೇ ಪದೇ ಪದೇ ಬಂದಿರುತ್ತವೆ. ನನ್ನ ಅಕ್ಕನ ಮಗಳ ಪಟ್ಟಿಯಲ್ಲಿ ಇದ್ದಿದ್ದು ಇವು: ರಾತ್ರಿ ಹಾಸಿಗೆಯಲ್ಲಿ ಫೋನು, ಬಟ್ಟೆ ಅಂಗಡಿಯ ಟ್ರಯಲ್ ರೂಮು, ಊರಿಗೆ ಹೋದಾಗ ನಡುಮನೆ. ಮುಟ್ಟಿಗೆ ಮುಂಚಿನ ನಾಲ್ಕೈದು ದಿನ ಎಲ್ಲವೂ ಜಾಸ್ತಿ. ಆ ದಿನಗಳಲ್ಲಿ ಹೊಟ್ಟೆ ಉಬ್ಬುವುದು, ಮೈಯಲ್ಲಿ ನೀರು ನಿಂತು ತೂಕ ತುಸು ಏರುವುದು ಸಹಜ. ಅದನ್ನು ಕೊಬ್ಬು ಅಂದುಕೊಂಡು ಅಳಬೇಕಿಲ್ಲ.

ಫೋನಿಗೆ ಒಂದಿಷ್ಟು ಕತ್ತರಿ

ಫೋನ್ ಬಿಟ್ಟುಬಿಡಿ ಅಂತ ಹೇಳಲಾರೆ, ನಾನೇ ಬಿಟ್ಟಿಲ್ಲ. ಆದರೆ ಕೆನಡಾದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. 17ರಿಂದ 25 ವಯಸ್ಸಿನವರಲ್ಲಿ ಅರ್ಧ ಜನರಿಗೆ ಮೂರು ವಾರ ದಿನಕ್ಕೆ ಒಂದು ಗಂಟೆ ಮಾತ್ರ ಸೋಷಿಯಲ್ ಮೀಡಿಯಾ ನೋಡಿ ಅಂದರು. ಉಳಿದವರಿಗೆ ಮಿತಿ ಇರಲಿಲ್ಲ. ಕಡಿಮೆ ಮಾಡಿದವರಿಗೆ ತಮ್ಮ ರೂಪದ ಬಗ್ಗೆಯೂ ತೂಕದ ಬಗ್ಗೆಯೂ ಬೇಜಾರು ಇಳಿಯಿತು. ಮೂರೇ ವಾರ. ಹಾಗಾಗಿ ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಟೈಮರ್ ಹಾಕಿ. ಮೊದಲ ವಾರ ನೀವೇ ಅದನ್ನು ಹತ್ತು ಸಲ ಮುರಿಯುತ್ತೀರಿ, ಪರವಾಗಿಲ್ಲ.

ಎರಡನೆಯದು, ಯಾವ ಅಕೌಂಟು ನೋಡಿದ ಮೇಲೆ ನಿಮ್ಮ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೋ ಅದನ್ನು ಮ್ಯೂಟ್ ಮಾಡಿ. ಗೆಳತಿಯದ್ದಾದರೂ ಸರಿ, ಅವಳಿಗೆ ಗೊತ್ತಾಗುವುದಿಲ್ಲ. ತೂಕ ಇಳಿಸುವ ರೀಲ್ಸ್ ಬಂದಾಗ ಬೈಯುತ್ತಾ ಪೂರ್ತಿ ನೋಡಬೇಡಿ. ನೀವು ಬೈದಿದ್ದು ಯಂತ್ರಕ್ಕೆ ಕೇಳಿಸುವುದಿಲ್ಲ, ಪೂರ್ತಿ ನೋಡಿದ್ದು ಮಾತ್ರ ಅದಕ್ಕೆ ಗೊತ್ತಾಗುತ್ತದೆ. "ಇಷ್ಟವಿಲ್ಲ" ಒತ್ತಿ ಮುಂದೆ ಹೋಗಿ.

ಮೂರನೆಯದು ಮೂಗಿನ ವಿಷಯ. ಸೆಲ್ಫಿ ನೋಡಿ ಮೂಗು ಅಗಲ ಅಂತ ಕೊರಗುವವರು ತುಂಬಾ ಮಂದಿ. ಒಂದು ಅಡಿ ದೂರದಿಂದ ತೆಗೆದ ಫೋಟೋದಲ್ಲಿ ಮೂಗು ಇರುವುದಕ್ಕಿಂತ ಸುಮಾರು 30% ಅಗಲವಾಗಿ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ಕ್ಯಾಮೆರಾಕ್ಕೆ ಹತ್ತಿರ ಇರುವುದು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಐದಡಿ ದೂರದಲ್ಲಿ ಯಾರನ್ನಾದರೂ ನಿಲ್ಲಿಸಿ ಇನ್ನೊಂದು ಫೋಟೋ ತೆಗೆಸಿ, ಪಕ್ಕಪಕ್ಕ ಇಟ್ಟು ನೋಡಿ.

ಫೋಟೋ ತಿದ್ದುವ ಆಟ ಎಷ್ಟು ಹೆಚ್ಚಾಗಿದೆ ಅಂದರೆ ಕೆಲವು ದೇಶಗಳು ಕಾನೂನೇ ಮಾಡಿವೆ. ಮಾಡೆಲ್‌ಗಳ ಮೈ ತಿದ್ದಿದ ಜಾಹೀರಾತಿಗೆ ಹಾಗಂತ ಬರೆಯಬೇಕು ಅಂತ ಫ್ರಾನ್ಸಿನಲ್ಲಿ 2017ರಿಂದ ಇದೆ. ನಾರ್ವೆಯಲ್ಲಿ 2022ರಿಂದ ಇನ್‌ಫ್ಲುಯೆನ್ಸರ್‌ಗಳ ಜಾಹೀರಾತು ಪೋಸ್ಟಿಗೂ ಅದು ಕಡ್ಡಾಯ. ನಮ್ಮ ಫೋನಿನಲ್ಲಿ ಅಂಥ ಚೀಟಿ ಅಂಟಿರುವುದಿಲ್ಲ, ನಾವೇ ಮನಸ್ಸಿನಲ್ಲಿ ಅಂಟಿಸಿಕೊಂಡು ನೋಡಬೇಕು.

ನಡುಮನೆಯ ಮಾತಿಗೆ ಉತ್ತರ ಮೊದಲೇ ಇಟ್ಟುಕೊಳ್ಳಿ

ಫೋನನ್ನು ಮ್ಯೂಟ್ ಮಾಡಬಹುದು. ಸೋದರತ್ತೆಯನ್ನು ಮಾಡಲಾಗುವುದಿಲ್ಲ.

ನಮ್ಮಲ್ಲಿ ಮೈ ಬಗ್ಗೆ ಮಾತಾಡುವುದು ಕುಶಲ ಕೇಳುವ ಒಂದು ದಾರಿ. "ಇಳಿದು ಹೋಗಿದ್ದೀಯಲ್ಲೇ" ಅಂದರೆ "ನಿನ್ನ ಯೋಚನೆ ಮಾಡ್ತಿದ್ದೆ" ಅಂತಲೂ ಆಗುತ್ತದೆ. ಇದನ್ನು ಒಪ್ಪಿಕೊಳ್ಳುತ್ತೇನೆ. ಆದರೆ "ದಪ್ಪ ಆಗ್ಬಿಟ್ಟಿದ್ದೀಯ, ಗಂಡು ಸಿಗೋದು ಕಷ್ಟ ನೋಡು" ಅನ್ನುವುದರಲ್ಲಿ ನನಗೆ ಅಂಥ ಕುಶಲವೇನೂ ಕಾಣುವುದಿಲ್ಲ. ಎರಡಕ್ಕೂ ಬೇರೆ ಬೇರೆ ಉತ್ತರ ಬೇಕು. ಮದುವೆಗೋ ನಾಮಕರಣಕ್ಕೋ ಹೊರಡುವ ಮುಂಚೆಯೇ ಬಾಯಿಪಾಠ ಮಾಡಿಕೊಳ್ಳಿ. ಆ ಹೊತ್ತಿಗೆ ಮಾತು ಹೊಳೆಯುವುದಿಲ್ಲ, ಮುಖ ಮಾತ್ರ ಕೆಂಪಾಗುತ್ತದೆ.

ಪ್ರೀತಿಯಿಂದ ಕೇಳುವವರಿಗೆ ಮಾತು ತಿರುಗಿಸಿದರೆ ಸಾಕು:

"ಏನೇ, ಇಷ್ಟು ದಪ್ಪ ಆಗಿದ್ದೀಯ?"

"ಹೌದತ್ತೆ, ಚೆನ್ನಾಗಿ ಊಟ ಮಾಡ್ತಿದ್ದೀನಿ. ನಿಮ್ಮ ಮಂಡಿ ನೋವು ಈಗ ಹೇಗಿದೆ?"

ಮಂಡಿ ನೋವಿನ ವಿಷಯ ಎತ್ತಿದರೆ ಅರ್ಧ ಗಂಟೆ ನಿಮ್ಮ ಸುದ್ದಿಗೆ ಯಾರೂ ಬರುವುದಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ.

ಬೇಕೆಂದೇ ಚುಚ್ಚುವವರಿಗೆ ಒಂದೇ ಸಾಲು, ನಗುತ್ತಾ, ಆದರೆ ಗಟ್ಟಿಯಾಗಿ: "ದೊಡ್ಡಮ್ಮ, ನನ್ನ ಮೈ ಬಗ್ಗೆ ಎಲ್ಲರ ಮುಂದೆ ಮಾತಾಡಿದ್ರೆ ನಂಗೆ ಬೇಜಾರಾಗುತ್ತೆ. ಬೇರೆ ಏನಾದ್ರೂ ಕೇಳಿ, ಹೇಳ್ತೀನಿ." ಒಂದು ನಿಮಿಷ ಎಲ್ಲರೂ ಸುಮ್ಮನಾಗುತ್ತಾರೆ. ಯಾರೋ ಒಬ್ಬರು ಕಾಫಿ ಬೇಕಾ ಅಂತ ಏಳುತ್ತಾರೆ. ಅಷ್ಟಕ್ಕೇ ಮುಗಿಯುತ್ತದೆ, ಆಕಾಶ ಬೀಳುವುದಿಲ್ಲ.

ಇದಕ್ಕಿಂತ ಕಷ್ಟದ್ದು ಅಮ್ಮನ ಮಾತು. ಅಮ್ಮಂದಿರಿಗೆ ಅವರದೇ ಒಂದು ಹಾಳೆ ಇರುತ್ತದೆ. ಹೆಣ್ಣು ನೋಡಲು ಬಂದವರು ಅವರನ್ನು ನಡೆಸಿ ನೋಡಿರಬಹುದು, ತಲೆಕೂದಲು ಬಿಚ್ಚಿಸಿ ನೋಡಿರಬಹುದು. ಜಗಳದ ಹೊತ್ತಿನಲ್ಲಿ ಬೇಡ, ಒಂದು ಸಂಜೆ ಸೊಪ್ಪು ಬಿಡಿಸುವಾಗ ಕೇಳಿ: "ಅಮ್ಮ, ನಿಂಗೆ ಯಾರಾದ್ರೂ ಹೀಗೆಲ್ಲ ಅಂತಿದ್ರಾ?" ಅವರು ಹೇಳಿದ್ದನ್ನು ಕೇಳಿದ ಮೇಲೆ ನಿಮ್ಮ ಮನೆಯ ಅಳತೆಗೋಲಿನ ಅರ್ಧ ಕಥೆ ಗೊತ್ತಾಗುತ್ತದೆ. ಆಮೇಲೆ ನಿಮ್ಮ ಹಾಳೆ ಅವರಿಗೆ ತೋರಿಸಿ. ಎಲ್ಲ ಅಮ್ಮಂದಿರೂ ಬದಲಾಗುತ್ತಾರೆ ಅಂತ ನಾನು ಮಾತು ಕೊಡಲಾರೆ. ನನ್ನ ಅಮ್ಮ ಬದಲಾಗಲಿಲ್ಲ, ಆದರೆ ನೆಂಟರ ಮುಂದೆ ಹೇಳುವುದನ್ನು ಬಿಟ್ಟರು. ನನಗೆ ಅಷ್ಟೇ ದೊಡ್ಡದಾಗಿತ್ತು.

ನಮ್ಮ ಬಾಯಿಗೂ ಒಂದು ಲಗಾಮು ಬೇಕು. ಗೆಳತಿಯರು ಸೇರಿದಾಗ "ಅಯ್ಯೋ, ನಾನು ಎಮ್ಮೆ ಥರ ಆಗಿದ್ದೀನಿ" ಅಂತ ಒಬ್ಬಳು ಶುರು ಮಾಡುತ್ತಾಳೆ, "ನೀನೇನೇ, ನನ್ನ ನೋಡು" ಅಂತ ಇನ್ನೊಬ್ಬಳು ಮುಂದುವರಿಸುತ್ತಾಳೆ. ಇದು ತಮಾಷೆಯ ಪಂದ್ಯ ಅನ್ನಿಸಿದರೂ ಆಡಿದವರೆಲ್ಲ ಸೋತು ಏಳುತ್ತಾರೆ. ಒಂದು ತಿಂಗಳು ಈ ಮಾತು ಬೇಡ ಅಂತ ರೂಮಿನಲ್ಲಿ ಒಪ್ಪಂದ ಮಾಡಿಕೊಳ್ಳಿ, ತಪ್ಪಿದವರು ಎಲ್ಲರಿಗೂ ಟೀ ಕೊಡಿಸಬೇಕು. ಇನ್ನೂ ಒಂದು ಕೆಲಸ ಇದೆ. ನಿಮಗಿಂತ ಚಿಕ್ಕ ಹುಡುಗಿಯೊಬ್ಬಳು ಇದೇ ಬೇಜಾರಿನಲ್ಲಿದ್ದಾಳೆ ಅಂದುಕೊಂಡು ಅವಳಿಗೆ ಒಂದು ಪತ್ರ ಬರೆಯಿರಿ. ಸಣ್ಣಗಾದರೆ ಎಲ್ಲ ಸರಿಹೋಗುತ್ತದೆ ಅನ್ನುವ ಮಾತು ಯಾಕೆ ಸುಳ್ಳು ಅಂತ ಅವಳಿಗೆ ತಿಳಿಸಿ ಹೇಳಿ. ಅಮೆರಿಕದ ಮನಶ್ಶಾಸ್ತ್ರಜ್ಞ ಎರಿಕ್ ಸ್ಟೈಸ್ ಮತ್ತು ಅವರ ಜೊತೆಗಾರರು ಹುಡುಗಿಯರ ಗುಂಪುಗಳಲ್ಲಿ ಮಾಡಿಸುವ ಕಾರ್ಯಕ್ರಮದಲ್ಲಿ ಇಂಥ ಪತ್ರವೂ ಸೇರಿದೆ. ಊಟ ಬಿಡುವುದು, ತಿಂದು ವಾಂತಿ ಮಾಡಿಕೊಳ್ಳುವುದು ಇಂಥ ಊಟದ ಕಾಯಿಲೆಗಳು ಬರುವುದನ್ನು ಆ ಕಾರ್ಯಕ್ರಮ ಕಡಿಮೆ ಮಾಡಿದ್ದಕ್ಕೆ ಒಳ್ಳೆಯ ಪುರಾವೆ ಇದೆ. ಇನ್ನೊಬ್ಬರಿಗೆ ವಾದ ಮಾಡಿ ಹೇಳುವಾಗ ನಮಗೇ ಅದು ನಾಟುತ್ತದೆ.

ಹೊರದೇಶದಲ್ಲಿ ಬೆಳೆಯುತ್ತಿರುವ ಕನ್ನಡದ ಹುಡುಗಿಯರಿಗೆ ಇದರ ಕಾಟ ಎರಡು ಪಟ್ಟು. ಅಲ್ಲಿನ ಕ್ಲಾಸಿನಲ್ಲಿ ಕೈಕಾಲಿನ ಕೂದಲು, ಮೇಲ್ದುಟಿಯ ಕೂದಲು ದೊಡ್ಡ ವಿಷಯ. ರಜೆಗೆ ಬೆಂಗಳೂರಿಗೆ ಬಂದರೆ "ಅಲ್ಲಿ ಇದ್ದೂ ಕಪ್ಪಾಗಿದ್ದೀಯಲ್ಲೇ" ಅನ್ನುವ ಅಜ್ಜಿ. ಅವರಿಗೆ ಹೇಳುವುದಿಷ್ಟು: ಹಾಳೆಯ ಬಲಗಡೆ ಎರಡು ಸಾಲು ಮಾಡಿ, ಅಲ್ಲಿಯದ್ದು ಮತ್ತು ಇಲ್ಲಿಯದ್ದು. ಒಂದು ಕಡೆ ತಪ್ಪಾಗಿದ್ದು ಇನ್ನೊಂದು ಕಡೆ ಲೆಕ್ಕಕ್ಕೇ ಇಲ್ಲ ಅಂತ ನಿಮ್ಮ ಕಣ್ಣಿಗೇ ಕಾಣುತ್ತದೆ.

ಮುಖಕ್ಕೆ ಹಚ್ಚುವ ಮುಂಚೆ ಟ್ಯೂಬಿನ ಹಿಂದೆ ಓದಿ

ಇಲ್ಲಿ ನಾನು ಸ್ವಲ್ಪ ಜೋರಾಗಿಯೇ ಮಾತಾಡುತ್ತೇನೆ, ಯಾಕೆಂದರೆ ನಾನು ಪಾಠ ಕಲಿತಿದ್ದು ಇಲ್ಲೇ. ಡಿಗ್ರಿ ಓದುವಾಗ ಒಂದು ಔಷಧಿ ಅಂಗಡಿಯಲ್ಲಿ ಬೆಳ್ಳಗಾಗಲು ಏನಾದರೂ ಇದೆಯಾ ಅಂತ ಕೇಳಿದೆ. ಒಂದು ಸಣ್ಣ ಟ್ಯೂಬ್ ಕೊಟ್ಟರು. ಹತ್ತೇ ದಿನಕ್ಕೆ ಮುಖ ತಿಳಿಯಾಯಿತು, ಎಲ್ಲರೂ ಕೇಳಿದರು, ನಾನೂ ಬೀಗಿದೆ. ಎರಡು ತಿಂಗಳ ಮೇಲೆ ಬಿಸಿಲಿಗೆ ಹೋದರೆ ಉರಿ, ಮುಖ ಕೆಂಪು, ಗಲ್ಲದ ಮೇಲೆ ಸಣ್ಣ ಕೂದಲು, ಮೊಡವೆ. ಹಚ್ಚುವುದು ಬಿಟ್ಟರೆ ಇನ್ನೂ ಜಾಸ್ತಿ. ಚರ್ಮದ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಯಾವ ಕ್ರೀಮು?" ಸರಿಯಾಗಲು ಒಂದು ವರ್ಷದ ಮೇಲೆ ಹಿಡಿಯಿತು.

ಅದು ಸ್ಟೀರಾಯ್ಡ್ ಕ್ರೀಮು. ಇಸುಬು, ಸೋರಿಯಾಸಿಸ್‌ನಂಥ ಕಾಯಿಲೆಗೆ ಡಾಕ್ಟರು ಕೆಲವು ದಿನಕ್ಕೆ ಬರೆದುಕೊಡುವ ಔಷಧಿ. ಅಂಗಡಿಯಲ್ಲಿ ಕೇಳಿದವರಿಗೆಲ್ಲ ಕೊಡುತ್ತಿದ್ದರು ಅಂತ 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಬಿಗಿ ಮಾಡಿತು. ಆದರೂ ಕೈಗೆ ಸಿಗುತ್ತವೆ. ಹಾಗಾಗಿ ಟ್ಯೂಬಿನ ಹಿಂದೆ ಈ ಹೆಸರುಗಳಿವೆಯಾ ನೋಡಿ: ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುಯೋಸಿನೋಲೋನ್. ಮೊಮೆಟಾಸೋನ್ ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಸೇರಿದ ಮೂರರ ಮಿಶ್ರಣ ತುಂಬಾ ಓಡಾಡುತ್ತದೆ. ಇದ್ದರೆ ಡಾಕ್ಟರು ಹೇಳದೆ ಹಚ್ಚಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಭಯಪಟ್ಟು ಒಂದೇ ದಿನಕ್ಕೆ ನಿಲ್ಲಿಸಲೂ ಬೇಡಿ. ಚರ್ಮದ ಡಾಕ್ಟರಿಗೆ ಟ್ಯೂಬ್ ತೋರಿಸಿ, ಅವರು ನಿಧಾನಕ್ಕೆ ಬಿಡಿಸುತ್ತಾರೆ. ಬೈಸಿಕೊಳ್ಳುವ ನಾಚಿಕೆಗೆ ಮುಚ್ಚಿಡಬೇಡಿ.

ಹಿಂದೆ ಏನೂ ಬರೆಯದ, ಎಲ್ಲಿ ತಯಾರಾಯಿತು ಅಂತಲೇ ಇಲ್ಲದ ಡಬ್ಬಿ ಇನ್ನೂ ಅಪಾಯ. ಅದರಲ್ಲಿ ಪಾದರಸ ಇರಬಹುದು. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅಪರೂಪದ ಒಂದು ಕಿಡ್ನಿ ಕಾಯಿಲೆ ಒಬ್ಬರ ಹಿಂದೆ ಒಬ್ಬರಿಗೆ ಬಂದಾಗ ವೈದ್ಯರು ಹುಡುಕುತ್ತಾ ಹೋದರು. ಅವರಲ್ಲಿ ಹೆಚ್ಚಿನವರು ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದರು. ಇದು ಸುದ್ದಿಯಾಗಿದ್ದು 2023ರಲ್ಲಿ. ಬಣ್ಣಕ್ಕೆ ಹೋದರೆ ಕಿಡ್ನಿಯೇ ಹೋಗುವುದೆಂದರೆ ಏನು ಹೇಳುವುದು.

ಬಿಸಿಲಿಗೆ ಸನ್‌ಸ್ಕ್ರೀನ್, ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆಯೋ ಮಾಯಿಶ್ಚರೈಸರೋ ಹಚ್ಚಿ. ಅವು ಚರ್ಮವನ್ನು ಕಾಯುತ್ತವೆ, ಹುಟ್ಟಿದ ಬಣ್ಣ ಬದಲಿಸುವುದಿಲ್ಲ.

ತೂಕದ ಯಂತ್ರಕ್ಕೆ ಎಷ್ಟು ಮರ್ಯಾದೆ ಕೊಡಬೇಕು?

ಬಿಎಂಐ ಎಂಬ ಅಂಕಿ ಎಲ್ಲರಿಗೂ ಗೊತ್ತು. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುತ್ತದೆ. 155 ಸೆಂಟಿಮೀಟರ್ ಎತ್ತರ, 58 ಕಿಲೋ ಇದ್ದರೆ 24. ಇದನ್ನು 1830ರ ದಶಕದಲ್ಲಿ ಲೆಕ್ಕ ಹಾಕಿದ ಅಡಾಲ್ಫ್ ಕೆಟಲೇ ವೈದ್ಯನಲ್ಲ, ಬೆಲ್ಜಿಯಂನ ಗಣಿತಜ್ಞ, ಖಗೋಳಶಾಸ್ತ್ರಜ್ಞ. ಜನಸಮೂಹದ ಸರಾಸರಿ ತಿಳಿಯುವುದು ಅವನ ಉದ್ದೇಶವಾಗಿತ್ತು. ಬಿಎಂಐ ಅಂತ ಹೆಸರಿಟ್ಟಿದ್ದು 1972ರಲ್ಲಿ, ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್. ಹೆಸರಿಟ್ಟ ಆ ಅಧ್ಯಯನದಲ್ಲಿ ಅಳೆದವರೆಲ್ಲ ಗಂಡಸರು!

ಹಾಗಂತ ತೂಕಕ್ಕೂ ಆರೋಗ್ಯಕ್ಕೂ ಸಂಬಂಧವೇ ಇಲ್ಲ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ನಮ್ಮ ದೇಶದವರಿಗೆ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುತ್ತದೆ. ಹಾಗಾಗಿ ತೂಕ ಹೆಚ್ಚಾಯಿತು ಅನ್ನುವ ಬಿಎಂಐ ಗೆರೆ ಬೇರೆ ಕಡೆ 25 ಆದರೆ ನಮಗೆ 23ಕ್ಕೇ. ಹೆಂಗಸರ ಹೊಟ್ಟೆಯ ಸುತ್ತಳತೆ 80 ಸೆಂಟಿಮೀಟರ್ ದಾಟಿದ್ದರೆ, ಅದರ ಜೊತೆಗೆ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಅದು ಆರೋಗ್ಯದ ಲೆಕ್ಕ. ಚೆಂದದ ಲೆಕ್ಕ ಬೇರೆ ಪುಸ್ತಕದ್ದು, ಎರಡನ್ನೂ ಕಲಸಬೇಡಿ.

ನಮ್ಮ ಹುಡುಗಿಯರಿಗೆ ತೂಕಕ್ಕಿಂತ ಮೊದಲು ನೋಡಬೇಕಾದ ಒಂದು ಅಂಕಿ ಇದೆ, ಹಿಮೋಗ್ಲೋಬಿನ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದ 57% ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಸುಮಾರು 48%. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು! ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಓದಲು ಕೂತರೆ ತೂಕಡಿಕೆ. ಇದಕ್ಕೆಲ್ಲ ಅವಳು "ಸೋಮಾರಿ, ದಪ್ಪ" ಅಂತ ಬೈಸಿಕೊಳ್ಳುತ್ತಿರುತ್ತಾಳೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಡಾಕ್ಟರನ್ನು ಕಾಣಿ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಪರೀಕ್ಷೆ ಮಾಡುತ್ತಾರೆ, ಕಬ್ಬಿಣದ ಮಾತ್ರೆ ಕೊಡುತ್ತಾರೆ. ಮಾತ್ರೆ ತೆಗೆದುಕೊಂಡ ತಕ್ಷಣ ಕಾಫಿ, ಟೀ ಬೇಡ.

ಮುಟ್ಟು ಮೂರು ತಿಂಗಳು ನಿಂತರೆ, ಮುಖದ ಮೇಲೆ ಕೂದಲು ಹೆಚ್ಚಿದರೆ, ತೂಕ ಕಾರಣವಿಲ್ಲದೆ ಏರಿದರೆ ಅಥವಾ ಇಳಿದರೆ ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆಯೋ ಥೈರಾಯ್ಡೋ ಇರಬಹುದು. ಊಟ ಬಿಟ್ಟು ಇವಕ್ಕೆ ಮದ್ದು ಮಾಡಲು ಆಗುವುದಿಲ್ಲ. ನೀವು ಏನು ಹೇಳಿಕೊಂಡರೂ ಡಾಕ್ಟರು "ಮೊದಲು ತೂಕ ಇಳಿಸಿ" ಅಂತ ಮಾತ್ರ ಹೇಳಿ ಕಳಿಸಿದರೆ, "ಸರಿ ಡಾಕ್ಟ್ರೇ, ಇದೇ ತೊಂದರೆ ಸಣ್ಣಗಿರೋರಿಗೆ ಬಂದ್ರೆ ಏನು ಪರೀಕ್ಷೆ ಬರೀತೀರಿ? ಅದನ್ನೇ ನಂಗೂ ಬರೆದುಕೊಡಿ" ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ತೂಕದ ಯಂತ್ರ ದಿನಾ ಹತ್ತುವ ಅಭ್ಯಾಸ ಇದ್ದರೆ ಅದನ್ನು ಅಟ್ಟಕ್ಕೆ ಹಾಕಿ. ನೀರು, ಉಪ್ಪು, ಮುಟ್ಟು ಇಷ್ಟಕ್ಕೇ ಒಂದೆರಡು ಕಿಲೋ ಮೇಲೆ ಕೆಳಗೆ ಆಗುತ್ತದೆ. ಬಟ್ಟೆಗೂ ಇದೇ ಮಾತು. ಸಣ್ಣಗಾದಾಗ ಹಾಕುತ್ತೇನೆ ಅಂತ ಬೀರುವಿನಲ್ಲಿ ಇಟ್ಟ ಜೀನ್ಸ್ ಬೆಳಗ್ಗೆ ಬೆಳಗ್ಗೆ ಬೈಯುತ್ತದೆ, ಯಾರಿಗಾದರೂ ಕೊಟ್ಟುಬಿಡಿ. ರವಿಕೆ, ಚೂಡಿದಾರ ಹೊಲಿಸುವಾಗ ಒಳಗೆ ಬಟ್ಟೆ ಬಿಡಿ ಅಂತ ಹೇಳಿ. ನಮ್ಮ ಬೀದಿಯ ಟೈಲರ್ ಆಂಟಿ ಹೇಳದಿದ್ದರೂ ಬಿಟ್ಟಿರುತ್ತಾರೆ. ಅವರಿಗೆ ಗೊತ್ತು, ಮೈ ಇದ್ದ ಹಾಗೇ ಇರುವುದಿಲ್ಲ. ಟೇಪು ಸುತ್ತಿ 36 ಅಂತ ಬರೆದುಕೊಳ್ಳುವಾಗ ಅವರ ಮುಖದಲ್ಲಿ ಏನೂ ಬದಲಾಗುವುದಿಲ್ಲ. ನನಗೆ ತುಂಬಾ ಇಷ್ಟವಾದ ಅಳತೆ ಅದು.

ಇನ್ನೊಂದು ಚಿಕ್ಕ ಅಭ್ಯಾಸ. ಹಾಳೆಯ ಹಿಂದೆ, ನಿಮ್ಮ ಮೈ ಇವತ್ತು ಏನೇನು ಕೆಲಸ ಮಾಡಿತು ಅಂತ ಹದಿನೈದು ನಿಮಿಷ ಬರೆಯಿರಿ. ಬಸ್ಸಿಗೆ ಓಡಿದ್ದು, ತಮ್ಮನನ್ನು ಎತ್ತಿಕೊಂಡಿದ್ದು, ಜ್ವರ ತಾನಾಗೇ ಬಿಟ್ಟಿದ್ದು. ನೆದರ್‌ಲ್ಯಾಂಡ್ಸ್‌ನಲ್ಲಿ ಜೆಸಿಕಾ ಅಲೆವಾ ಎಂಬ ಸಂಶೋಧಕಿ ಯುವತಿಯರಿಂದ ಇಂಥದ್ದನ್ನೇ ಬರೆಸಿದಾಗ ಮೈ ಬಗ್ಗೆ ಅವರ ಸಮಾಧಾನ ಹೆಚ್ಚಿತು. ಮೊದಲ ದಿನ ಪೆದ್ದು ಪೆದ್ದು ಅನ್ನಿಸುತ್ತದೆ, ಬರೆಯಿರಿ.

ಇಷ್ಟರಿಂದ ಆಗದಿದ್ದರೆ

ಕೆಲವರಿಗೆ ಇದು ಬೇಜಾರು ದಾಟಿ ಕಾಯಿಲೆ ಆಗಿರುತ್ತದೆ. ಅದನ್ನು ಗುರುತಿಸಲು ಲಂಡನ್ನಿನ ವೈದ್ಯರು 1999ರಲ್ಲಿ ಐದು ಪ್ರಶ್ನೆಗಳನ್ನು ಮಾಡಿಕೊಟ್ಟಿದ್ದಾರೆ. ಹೊಟ್ಟೆ ತುಂಬಿ ಕಸಿವಿಸಿಯಾಗಿ ನೀವೇ ವಾಂತಿ ಮಾಡಿಕೊಳ್ಳುತ್ತೀರಾ? ಎಷ್ಟು ತಿನ್ನುತ್ತೇನೆ ಅನ್ನುವುದು ಕೈಮೀರಿ ಹೋಗಿದೆ ಅನ್ನುವ ಚಿಂತೆ ಇದೆಯಾ? ಮೂರು ತಿಂಗಳಲ್ಲಿ ಆರು ಕಿಲೋಗಿಂತ ಹೆಚ್ಚು ಇಳಿದಿದ್ದೀರಾ? ಬೇರೆಯವರು ತೀರಾ ಸಣ್ಣ ಅಂದರೂ ನಿಮಗೆ ನೀವು ದಪ್ಪ ಅನ್ನಿಸುತ್ತದಾ? ಊಟದ ಯೋಚನೆಯೇ ಇಡೀ ಬದುಕನ್ನು ಆಳುತ್ತಿದೆಯಾ? ಎರಡಕ್ಕೆ ಹೌದು ಅಂದರೆ ಡಾಕ್ಟರನ್ನು ಕಾಣಲೇಬೇಕು. ತಲೆ ಸುತ್ತಿ ಬೀಳುವುದು, ಎದೆ ಹೊಡೆದುಕೊಳ್ಳುವುದು ಇದ್ದರೆ ಅದೇ ದಿನ ಹೋಗಿ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಇಲ್ಲಿನ ಹುಡುಗಿ "ನಂಗೆ ದಪ್ಪ ಆಗೋ ಭಯ" ಅಂತ ಹೇಳದೆ ಇರಬಹುದು. "ಹಸಿವಿಲ್ಲ, ಹೊಟ್ಟೆ ಭಾರ, ಗ್ಯಾಸು" ಅನ್ನುತ್ತಾಳೆ. ಹಾಂಕಾಂಗ್‌ನ ಮನೋವೈದ್ಯ ಸಿಂಗ್ ಲೀ 1990ರ ದಶಕದಲ್ಲಿ ತಮ್ಮ ರೋಗಿಗಳಲ್ಲಿ ಇದನ್ನೇ ಕಂಡರು. ಮೂಳೆ ಕಾಣುವಷ್ಟು ಇಳಿದಿದ್ದರೂ ಅವರಲ್ಲಿ ಹಲವರು ದಪ್ಪದ ಮಾತೇ ಎತ್ತುತ್ತಿರಲಿಲ್ಲ, ಹೊಟ್ಟೆ ಉಬ್ಬರ ಅನ್ನುತ್ತಿದ್ದರು. ಹಾಗಾಗಿ ಗ್ಯಾಸಿನ ಮಾತ್ರೆಯಲ್ಲೇ ತಿಂಗಳುಗಳು ಕಳೆದುಹೋಗಬಾರದು. ಮನೆಯವರು ಬಾಯಿಮಾತಿಗಿಂತ ತಟ್ಟೆ, ತೂಕ, ಮುಟ್ಟು ಇವನ್ನು ಗಮನಿಸಬೇಕು.

ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. "ಊಟ ಮಾಡಿದ್ರೆ ತಪ್ಪು ಮಾಡಿದ ಹಾಗೆ ಅನ್ಸುತ್ತೆ" ಅಂತ ಒಂದು ಸಾಲು ಹೇಳಿದರೂ ಸಾಕು, ಮುಂದಿನದ್ದನ್ನು ಅವರೇ ಕೇಳುತ್ತಾರೆ. ಹದಿನೆಂಟರ ಒಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ನಿಮ್ಮ ರೂಮ್‌ಮೇಟ್ ಹೀಗಿದ್ದಾಳೆ ಅನ್ನಿಸಿದರೆ, ಅವಳ ಮೈ ಬಗ್ಗೆ ಮಾತು ತೆಗೆಯಬೇಡಿ. "ಎಷ್ಟು ಸಣ್ಣ ಆಗಿದ್ದೀಯ" ಅನ್ನುವುದು ಅವಳಿಗೆ ಶಭಾಶ್‌ಗಿರಿ ಥರ ಕೇಳಿಸಬಹುದು. ನೀವು ಕಂಡಿದ್ದನ್ನು ಹೇಳಿ: "ನಾಲ್ಕು ದಿನದಿಂದ ನೀನು ಮೆಸ್ಸಿಗೆ ಬಂದಿಲ್ಲ, ನಂಗೆ ಯೋಚನೆ ಆಗ್ತಿದೆ." ಮೊದಲ ಸಲ ಸಿಟ್ಟಾಗುತ್ತಾಳೆ. ಎರಡು ದಿನ ಬಿಟ್ಟು ಮತ್ತೆ ಕೇಳಿ, ಆಸ್ಪತ್ರೆಗೆ ಜೊತೆಗೆ ಬರುತ್ತೇನೆ ಅನ್ನಿ. ತೀರಾ ಸುಸ್ತಾಗಿದ್ದರೆ ಅವಳು ಬೇಡ ಅಂದರೂ ವಾರ್ಡನ್ನಿಗೋ ಮನೆಯವರಿಗೋ ತಿಳಿಸಿ. ಅಲ್ಲಿಯವರೆಗೆ ಊಟದ ಹೊತ್ತಿಗೆ ಅವಳನ್ನು ಕರೆಯಿರಿ, ಪಕ್ಕದಲ್ಲಿ ಕೂತುಕೊಳ್ಳಿ. ಎಷ್ಟು ತಿಂದಳು ಅಂತ ತಟ್ಟೆಯನ್ನೇ ನೋಡುತ್ತಾ ಕೂರಬೇಡಿ. ಮೆಸ್ಸಿನ ಸಾರು ಎಷ್ಟು ನೀರಾಗಿದೆ ಅಂತ ಬೈಯುತ್ತಾ ನಿಮ್ಮ ಊಟ ನೀವು ಮಾಡಿ.